ಅಟ್ಲಾಂಟಿಕ್ ತೀರದ ಒಂದು ಸಣ್ಣ ಪರಿಸರ ಕಾಲೇಜು: ಅಲ್ಲಿನ ವಿದ್ಯಾರ್ಥಿಜೀವನವೂ ಸೌಕರ್ಯಗಳೂ

ಒಂದು ಕಾಲೇಜಿನ ಸೌಕರ್ಯಗಳನ್ನು ಕುರಿತು ವಿಚಾರಿಸುವಾಗ ನಾವು ಸಾಮಾನ್ಯವಾಗಿ ಕಟ್ಟಡಗಳೆಷ್ಟು, ಪುಸ್ತಕಗಳೆಷ್ಟು, ಪ್ರಯೋಗಶಾಲೆಗಳೆಷ್ಟು ಎಂದು ಕೇಳುವೆವು. ಊಟದ ಮನೆಗೆ ತರಕಾರಿ ಎಲ್ಲಿಂದ ಬರುವುದು, ಎಂಜಲು ಎಲ್ಲಿಗೆ ಹೋಗುವುದು, ಚಳಿಗೆ ಏನನ್ನು ಉರಿಸುವರು, ಈ ವಿಷಯಗಳಲ್ಲಿ ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆಗಳು ವಿದ್ಯೆಗೆ ಸಂಬಂಧಪಟ್ಟವೆಂದು ಯಾರೂ ಎಣಿಸುವುದಿಲ್ಲ. ನಮ್ಮ ಗ್ರಾಮಗಳಲ್ಲಂತೂ ಒಕ್ಕಲಿಗನ ಮಗನು ಕಾಲೇಜು ಸೇರಿದನೆಂದರೆ ಗುದ್ದಲಿಗೂ ಅವನಿಗೂ ಋಣ ತೀರಿತೆಂದೇ ಭಾವಿಸುವುದುಂಟು. ಓದು ಬೇರೆ, ದುಡಿಮೆ ಬೇರೆ ಎಂಬ ಈ ಭಾವನೆಯನ್ನು ಆಚರಣೆಯಲ್ಲಿಯೇ ಅಳಿಸಲು ಯತ್ನಿಸಿರುವ ಒಂದು ಸಣ್ಣ ವಿದ್ಯಾಸಂಸ್ಥೆಯ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿರುವ ಆ ಸಂಸ್ಥೆಗೆ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಎಂದು ಹೆಸರು.

ಸ್ಥಳ ಮತ್ತು ಪೂರ್ವಚರಿತ್ರೆ

ಮೇಯ್ನ್ ರಾಜ್ಯದ ಕರಾವಳಿಗೆ ಸೇರಿದಂತೆ ಮೌಂಟ್ ಡೆಸರ್ಟ್ ಎಂಬ ದ್ವೀಪವಿದೆ. ಹೆಸರನ್ನು ಕೇಳಿ ಇದು ಮರಳುಗಾಡೆಂದು ಭಾವಿಸಬಾರದು. 1604ರಲ್ಲಿ ಸಮುದ್ರಮಾರ್ಗವಾಗಿ ಬಂದ ಫ್ರೆಂಚ್ ನಾವಿಕ ಶಾಂಪ್ಲೇನನು ಇಲ್ಲಿನ ಬೆಟ್ಟಗಳ ಬೋಳು ನೆತ್ತಿಗಳನ್ನು ಕಂಡು ಈ ಹೆಸರನ್ನು ಕೊಟ್ಟನು. ಬೆಟ್ಟಗಳ ಕೆಳಗೆ ದಟ್ಟವಾದ ಕಾಡೂ, ಸರೋವರಗಳೂ, ಬಂಡೆಗಳಿಂದ ಕೂಡಿದ ಕಡಲತೀರವೂ ಇರುವುವು. ದ್ವೀಪದ ಸುಮಾರು ಅರ್ಧ ಭಾಗವು ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಬಾರ್ ಹಾರ್ಬರ್ ಎಂಬುದು ದ್ವೀಪದ ಮುಖ್ಯವಾದ ಊರು. ಬೇಸಿಗೆಯಲ್ಲಿ ಇದು ಪ್ರವಾಸಿಗಳಿಂದ ತುಂಬಿಹೋಗುವುದು; ಚಳಿಗಾಲದಲ್ಲಿ ಹಿಮ ಬಿದ್ದು ಅಂಗಡಿಗಳು ಮುಚ್ಚಿ ನಿಶ್ಶಬ್ದವಾಗುವುದು.

1947ರ ಅಕ್ಟೋಬರಿನಲ್ಲಿ ಈ ದ್ವೀಪಕ್ಕೆ ಭಾರಿ ಕಾಳ್ಗಿಚ್ಚು ತಗುಲಿ 17,000 ಎಕರೆಗೂ ಹೆಚ್ಚಿನ ಪ್ರದೇಶ ಸುಟ್ಟುಹೋಯಿತು. ಶ್ರೀಮಂತರ ಬೇಸಿಗೆಯ ಬಂಗಲೆಗಳು 67ರಷ್ಟು ನಾಶವಾದುವು. ಊರವರ ಮನೆಗಳು 170 ಬೂದಿಯಾದುವು. ಬಂಗಲೆಗಳ ಒಡೆಯರಲ್ಲಿ ಅನೇಕರು ಮತ್ತೆ ಕಟ್ಟಲಿಲ್ಲ. ಅವರನ್ನು ನಂಬಿ ಜೀವಿಸುತ್ತಿದ್ದ ಊರಿನ ಸಂಪಾದನೆ ಕುಗ್ಗಿತು. ವರ್ಷವೆಲ್ಲ ಊರಿನಲ್ಲಿ ಜನವಿರುವಂತೆ ಮಾಡುವ ಉದ್ಯಮವೊಂದು ಬೇಕೆಂಬ ವಿಚಾರ ಆ ಊರಿನವರೇ ಆದ ಇಬ್ಬರಿಗೆ ಹೊಳೆಯಿತು. ಒಬ್ಬರು ಲೆಸ್ಲಿ ಬ್ರೂವರ್ ಎಂಬ ವ್ಯಾಪಾರಸ್ಥರು. ಇನ್ನೊಬ್ಬರು ಜೇಮ್ಸ್ ಗೋವರ್ ಎಂಬ ಕ್ರೈಸ್ತ ಪಾದ್ರಿಗಳು. ಇವರಿಬ್ಬರೂ ಹುಡುಗರಾಗಿದ್ದಾಗ ಒಂದೇ ಶಾಲೆಯ ಚೆಂಡಾಟದ ತಂಡದಲ್ಲಿದ್ದವರು. ಇವರ ಪ್ರಯತ್ನದಿಂದ 1969ರಲ್ಲಿ ಕಾಲೇಜು ಸ್ಥಾಪಿತವಾಗಿ, 1972ರಲ್ಲಿ 32 ಮಂದಿ ವಿದ್ಯಾರ್ಥಿಗಳಿಂದಲೂ ನಾಲ್ವರು ಉಪಾಧ್ಯಾಯರಿಂದಲೂ ಪಾಠಗಳು ಪ್ರಾರಂಭವಾದುವು. ಎಡ್ವರ್ಡ್ ಕೇಲ್ಬರ್ ಎಂಬವರು ಮೊದಲನೆಯ ಅಧ್ಯಕ್ಷರು. ಈಗಲೂ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 350 ಮಾತ್ರ. ನಮ್ಮ ಒಂದು ಸಾಧಾರಣ ಪ್ರೌಢಶಾಲೆಗಿಂತ ಇದು ಹೆಚ್ಚೇನೂ ಅಲ್ಲ.

ಪಾಠಕ್ರಮ

ಈ ಕಾಲೇಜಿನಲ್ಲಿ ಪದವಿಗೆ ಓದುವ ವಿಷಯ ಒಂದೇ. ಅದನ್ನು ಮಾನವ ಪರಿಸರಶಾಸ್ತ್ರವೆನ್ನಬಹುದು. ಮನುಷ್ಯನಿಗೂ ಅವನ ಸುತ್ತಣ ನೆಲ, ಜಲ, ಗಿಡಮರ, ಪ್ರಾಣಿ, ಊರು, ಕಾಯಿದೆ, ಕಸಬು ಇವುಗಳಿಗೂ ಇರುವ ಸಂಬಂಧವನ್ನು ತಿಳಿಯುವುದೇ ಈ ಶಾಸ್ತ್ರ. ಸಸ್ಯಶಾಸ್ತ್ರಕ್ಕೊಂದು, ಅರ್ಥಶಾಸ್ತ್ರಕ್ಕೊಂದು ಎಂದು ಬೇರೆ ಬೇರೆ ಶಾಖೆಗಳಿಲ್ಲ. ಯಾವ ಪಾಠಗಳನ್ನು ಆರಿಸಿಕೊಳ್ಳಬೇಕೆಂಬುದನ್ನು ವಿದ್ಯಾರ್ಥಿಯು ತನ್ನ ಸಲಹೆಗಾರರಾದ ಉಪಾಧ್ಯಾಯರೊಡನೆ ಆಲೋಚಿಸಿ ತಾನೇ ಗೊತ್ತುಮಾಡಿಕೊಳ್ಳುವನು. ವರ್ಷಕ್ಕೆ ಹತ್ತು ವಾರಗಳ ಮೂರು ಅವಧಿಗಳು. ಅವಧಿಗೆ ಸಾಮಾನ್ಯವಾಗಿ ಮೂರು ವಿಷಯಗಳು. ಅವಧಿಯ ಕೊನೆಗೆ ಉಪಾಧ್ಯಾಯರು ಪ್ರತಿಯೊಬ್ಬ ವಿದ್ಯಾರ್ಥಿಯ ಕೆಲಸವನ್ನು ಕುರಿತು ಅಭಿಪ್ರಾಯವನ್ನು ಬರೆದುಕೊಡುವರು. ದರ್ಜೆಯ ಅಂಕಗಳು ಬೇಕೇ ಬೇಡವೇ ಎಂಬುದು ವಿದ್ಯಾರ್ಥಿಯ ಇಷ್ಟ.

ಪದವಿ ಪಡೆಯುವುದಕ್ಕೆ ಮುಂಚೆ ಪ್ರತಿಯೊಬ್ಬನೂ ಒಂದು ಅವಧಿಯ ಕಾಲ ಕಾಲೇಜಿನ ಹೊರಗೆ ಯಾವುದಾದರೊಂದು ಕೆಲಸದಲ್ಲಿದ್ದು ಅನುಭವ ಪಡೆಯಬೇಕು. 40 ಗಂಟೆಗಳ ಸಾರ್ವಜನಿಕ ಸೇವೆ ಮಾಡಬೇಕು. ಒಂದು ಪ್ರಬಂಧವನ್ನು ಬರೆಯಬೇಕು. ಕಡೆಯ ವರ್ಷದಲ್ಲಿ ಒಂದು ಅವಧಿಯ ಶ್ರಮಕ್ಕೆ ಸಮನಾದ ಸ್ವತಂತ್ರ ಕಾರ್ಯವೊಂದನ್ನು ಮಾಡಿ ತೋರಿಸಬೇಕು.

ಬೇಸಾಯದ ಕ್ಷೇತ್ರಗಳೂ ಊಟದ ಮನೆಯೂ

ನಮ್ಮ ವಾಚಕರಿಗೆ ಹೆಚ್ಚು ಹಿತವೆನಿಸುವ ಭಾಗವಿದು. ಕಾಲೇಜಿನ ಆವರಣ ನಲವತ್ತು ಎಕರೆಗೂ ಕಡಮೆ. ಆದರೆ ಇದಕ್ಕೆ ದ್ವೀಪದಲ್ಲಿಯೇ ಎರಡು ಬೇಸಾಯದ ಕ್ಷೇತ್ರಗಳಿವೆ. ಮೊದಲನೆಯದು ಬೀಚ್ ಹಿಲ್ ಕ್ಷೇತ್ರ, 73 ಎಕರೆ, 1999ರಲ್ಲಿ ಹಳೆಯ ವಿದ್ಯಾರ್ಥಿಗಳಿಂದ ದಾನವಾಗಿ ಬಂದುದು. ಇದರಲ್ಲಿ ಕೆಲವೇ ಎಕರೆಗಳಲ್ಲಿ ರಾಸಾಯನಿಕ ಗೊಬ್ಬರವಿಲ್ಲದೆ ತರಕಾರಿ ಬೆಳೆಯುವರು. ಮಿಕ್ಕುದರಲ್ಲಿ ಬಹಳ ಭಾಗ ಕಾಡು. ಎರಡನೆಯದು ಪೆಗ್ಗಿ ರಾಕ್‌ಫೆಲ್ಲರ್ ಕ್ಷೇತ್ರ, 125 ಎಕರೆ, 2010ರಲ್ಲಿ ಡೇವಿಡ್ ರಾಕ್‌ಫೆಲ್ಲರ್ ಎಂಬ ಪ್ರಸಿದ್ಧ ಧನಿಕರು ತಮ್ಮ ಪತ್ನಿಯ ಹೆಸರಿನಲ್ಲಿ ಕೊಟ್ಟುದು. ಇಲ್ಲಿ ಹುಲ್ಲುಗಾವಲೂ, ಕುರಿ, ದನ, ಕೋಳಿಗಳೂ, ಸೇಬಿನ ಮರಗಳೂ ಇವೆ.

ಈ ಕ್ಷೇತ್ರಗಳ ಉತ್ಪನ್ನ ಕಾಲೇಜಿನ ಊಟದ ಮನೆಗೆ ಬರುವುದು. ಮಿಕ್ಕುದು ಊರಿನವರಿಗೆ ಮಾರಾಟವಾಗುವುದು. ಊಟದ ಮನೆಯ ಅಡಿಗೆಯು ಆ ದೇಶದ ಕಾಲೇಜುಗಳಲ್ಲಿಯೇ ಉತ್ತಮವಾದುದೆಂದು ಹೆಸರು ಪಡೆದಿದೆ. ತಿಂದು ಮಿಕ್ಕುದನ್ನೂ ಸಿಪ್ಪೆ ಸೊಪ್ಪುಗಳನ್ನೂ ಬೇರ್ಪಡಿಸಿ ಕಾಂಪೋಸ್ಟು ಗೊಬ್ಬರ ಮಾಡುವರು. ಬಡ ಕುಟುಂಬಗಳಿಗೆ ಬೀಚ್ ಹಿಲ್ ಕ್ಷೇತ್ರದ ತಾಜಾ ತರಕಾರಿ ದೊರೆಯುವಂತೆ ಹಣ ಕೂಡಿಸಿ ಚೀಟಿಗಳನ್ನು ಹಂಚುವ ಕಾರ್ಯವೊಂದನ್ನು ವಿದ್ಯಾರ್ಥಿಗಳೇ ನಡೆಯಿಸುತ್ತಿದ್ದಾರೆ. ಪ್ರವಾಸಿಗಳ ಐಶ್ವರ್ಯದ ನಡುವೆಯೇ ಹಸಿವೂ ಇರುವುದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಪುಸ್ತಕವು ಕಲಿಸಲಾರದು.

ಆದರೆ ಒಂದು ತೊಡಕನ್ನು ಬೇಸಾಯ ಬಲ್ಲವರು ತಾವಾಗಿಯೇ ಊಹಿಸಬಹುದು. ಆ ಶೀತಪ್ರದೇಶದಲ್ಲಿ ಬಯಲಿನಲ್ಲಿ ಪೈರು ಬೆಳೆಯುವ ಕಾಲ ಸುಮಾರು ಐದು ತಿಂಗಳು. ಅದರಲ್ಲಿ ಮುಖ್ಯವಾದ ಜೂನ್ ನಡುವಿನಿಂದ ಆಗಸ್ಟ್ ಕಡೆಯವರೆಗೆ ಕಾಲೇಜಿಗೆ ರಜಾ. ಆದುದರಿಂದ ವಿದ್ಯಾರ್ಥಿಗಳ ದುಡಿಮೆಯೊಂದನ್ನೇ ನೆಚ್ಚಿ ಕ್ಷೇತ್ರವನ್ನು ನಡೆಸುವುದು ಅಸಾಧ್ಯ. ವರ್ಷವೆಲ್ಲ ಇರುವ ಸಂಬಳದ ಮೇಲ್ವಿಚಾರಕರು ಬೇಕು. ಬೇಸಿಗೆಯಲ್ಲಿ ಕೆಲವು ವಿದ್ಯಾರ್ಥಿಗಳು ಕೂಲಿಗೆ ನಿಂತು ದುಡಿಯುವರು. ಓದುವ ಹುಡುಗರಿಂದ ಪುಕ್ಕಟೆಯಾಗಿ ಬೇಸಾಯವಾಗುವುದೆಂದು ನಂಬಿ ಕ್ಷೇತ್ರಕ್ಕೆ ಕೈಹಾಕುವ ಶಾಲೆಗಳು ಈ ಅಂಶವನ್ನು ಗಮನಿಸಬೇಕು. ಕ್ಷೇತ್ರವು ಪಾಠಕ್ಕೆ ಬಹಳ ಒಳ್ಳೆಯದು. ಆದರೆ ಅದಕ್ಕೂ ವೆಚ್ಚವುಂಟು.

ವಾಸಸ್ಥಳಗಳು

2008ರಲ್ಲಿ ಕಟ್ಟಿದ ಕ್ಯಾಥರೀನ್ ಡೇವಿಸ್ ವಿದ್ಯಾರ್ಥಿನಿಲಯಗಳು ವಿಶೇಷವಾದುವು. ಗೋಡೆಗಳನ್ನು ಶಾಖ ಹೊರಗೆ ಹೋಗದಂತೆ ದಪ್ಪನಾಗಿ ಕಟ್ಟಿ, ಚಳಿಗಾಲದಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಉರಿಸಿ ಕೊಠಡಿಗಳನ್ನು ಬೆಚ್ಚಗಿಡುವರು. ಮಲವನ್ನು ನೀರಿನಿಂದ ತೊಳೆದುಬಿಡದೆ ಗೊಬ್ಬರವಾಗಿ ಪರಿವರ್ತಿಸುವ ಪಾಯಖಾನೆಗಳನ್ನು ಇಟ್ಟಿರುತ್ತಾರೆ. ವಿದ್ಯಾರ್ಥಿನಿಲಯಗಳಲ್ಲಿ ಅಡಿಗೆಯ ಮನೆಗಳಿದ್ದು ವಿದ್ಯಾರ್ಥಿಗಳು ಸೇರಿ ಅಡಿಗೆ ಮಾಡಿಕೊಳ್ಳುವುದೂ ವಾಡಿಕೆ.

ಎಲ್ಲ ವಿದ್ಯಾರ್ಥಿಗಳಿಗೂ ಆವರಣದೊಳಗೆ ಸ್ಥಳವಿಲ್ಲದೆ ಅನೇಕರು ಊರಿನಲ್ಲಿ ಬಾಡಿಗೆಗೆ ಇರಬೇಕಾಗಿದೆ. ಪಕ್ಕದ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ಸಲ ಪ್ರವಾಸಿಗಳ ಭೇಟಿ ನಡೆಯುವುದು. ಬೇಸಿಗೆ ಸಮೀಪಿಸಿದೊಡನೆ ಬಾಡಿಗೆ ಏರುವುದು. ಚಳಿಗಾಲಕ್ಕೆಂದು ಕೊಟ್ಟ ಮನೆಗಳನ್ನು ವಿದ್ಯಾರ್ಥಿಗಳು ತೆರವು ಮಾಡಬೇಕಾಗುವುದು. ಊರಿಗೆ ಚಳಿಗಾಲದಲ್ಲಿ ಜೀವ ತುಂಬಲೆಂದು ಹುಟ್ಟಿದ ಕಾಲೇಜಿನವರಿಗೆ ಅದೇ ಊರಿನಲ್ಲಿ ಮನೆ ದುರ್ಲಭವಾಗಿರುವುದು ವಿಪರೀತವೇ ಸರಿ. ಈಚೆಗೆ ಕಾಲೇಜು ಹೊಸ ನಿಲಯಗಳನ್ನು ಕಟ್ಟುತ್ತ ಈ ಕೊರತೆಯನ್ನು ತುಂಬಲು ಯತ್ನಿಸುತ್ತಿದೆ.

ಕಡಲಿನ ಪ್ರಯೋಗಶಾಲೆಗಳು

ಕಾಲೇಜಿಗೆ ಸಮುದ್ರದಲ್ಲಿ ಎರಡು ಸಂಶೋಧನಾ ಕೇಂದ್ರಗಳಿವೆ. ಎರಡೂ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭಗಳಿರುವ ದ್ವೀಪಗಳು. ಗ್ರೇಟ್ ಡಕ್ ದ್ವೀಪದಲ್ಲಿ ಬೇಸಿಗೆಯಲ್ಲಿ ತಂಗಿ ಕಡಲಹಕ್ಕಿಗಳ ಗೂಡು, ಮೊಟ್ಟೆ, ಮರಿಗಳ ಲೆಕ್ಕವನ್ನು ವಿದ್ಯಾರ್ಥಿಗಳು ಬರೆದಿಡುವರು. ತೀರದಿಂದ ಬಹುದೂರದಲ್ಲಿರುವ ಮೌಂಟ್ ಡೆಸರ್ಟ್ ರಾಕ್ ಎಂಬ ಬೋಳು ಬಂಡೆಯ ಮೇಲಿಂದ ತಿಮಿಂಗಿಲಗಳನ್ನು ನೋಡುವರು. ಹಂಪ್‌ಬ್ಯಾಕ್ ಎಂಬ ತಿಮಿಂಗಿಲದ ಬಾಲದ ಕೆಳಮೈಯಲ್ಲಿರುವ ಕಪ್ಪು ಬಿಳುಪು ಮಚ್ಚೆಗಳು ಒಂದರಂತೆ ಒಂದಿರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ. ಆ ಮಚ್ಚೆಗಳ ಛಾಯಾಚಿತ್ರಗಳಿಂದ ಒಂದೊಂದು ತಿಮಿಂಗಿಲವನ್ನೂ ಗುರುತಿಸುವ ಕಾರ್ಯವನ್ನು ಕಾಲೇಜಿನ ಅಲೈಡ್ ವೇಲ್ ಎಂಬ ಶಾಖೆಯು 1972ರಲ್ಲಿ ಹುಟ್ಟಿ, ಇಂದಿಗೂ ನಡೆಸುತ್ತಿದೆ. ಉತ್ತರ ಅಟ್ಲಾಂಟಿಕ್ ಸಮುದ್ರದ ಇಂತಹ ತಿಮಿಂಗಿಲಗಳ ಪಟ್ಟಿಯನ್ನು ಕಾಪಾಡುತ್ತಿರುವುದು ಈ ಸಣ್ಣ ಕಾಲೇಜೇ.

ಸರ್ವಸಭೆ

ಕಾಲೇಜಿನ ಸರ್ವಸಭೆಯು ಪಾಠದ ಅವಧಿಯಲ್ಲಿ ವಾರಕ್ಕೊಮ್ಮೆ ಸೇರುವುದು. ಅಧ್ಯಕ್ಷರು, ಉಪಾಧ್ಯಾಯರು, ಸಿಬ್ಬಂದಿಯವರು, ಹೊಸದಾಗಿ ಸೇರಿದ ವಿದ್ಯಾರ್ಥಿ, ಇವರೆಲ್ಲರಿಗೂ ತಲಾ ಒಂದೇ ಮತ. ಅಂತಿಮ ಹೊಣೆಯು ಟ್ರಸ್ಟಿಗಳ ಮಂಡಲಿಯದಾದರೂ ಸಭೆಯ ಮಾತಿಗೆ ಬಹಳ ಬೆಲೆಯುಂಟು. ಕಲ್ಲಿದ್ದಲು, ಪೆಟ್ರೋಲಿಯಂ ಮೊದಲಾದವುಗಳ ಕಂಪೆನಿಗಳಲ್ಲಿ ಕಾಲೇಜಿನ ಹಣ ಇರಕೂಡದೆಂದು ವಿದ್ಯಾರ್ಥಿಗಳು ವಾದಿಸಿದರು. 2013ರ ಮಾರ್ಚಿಯಲ್ಲಿ ಟ್ರಸ್ಟಿಗಳು ಅದಕ್ಕೆ ಒಪ್ಪಿದರು. ಅದಕ್ಕೆ ಮುಂಚೆ 2007ರಲ್ಲಿಯೇ ಈ ಕಾಲೇಜು ತಾನು ಹೊರಬಿಡುವ ಇಂಗಾಲಾಮ್ಲ ವಾಯುವನ್ನೆಲ್ಲ ಸರಿದೂಗಿಸಿರುವುದಾಗಿ ಪ್ರಕಟಿಸಿತು. ಅಮೆರಿಕದ ಕಾಲೇಜುಗಳಲ್ಲಿ ಹಾಗೆ ಮಾಡಿದ ಮೊದಲನೆಯದು ಇದೇ.

ಇಂತಹ ಸಭೆಯಲ್ಲಿ ಮಾತು ಉದ್ದವಾಗುವುದು, ಕೆಲಸ ನಿಧಾನವಾಗುವುದು, ಇದು ಸಹಜ. ಆದರೆ ತನ್ನ ಮತದಿಂದ ಖರ್ಚು ಎಷ್ಟು ಏರುವುದು, ಅದನ್ನು ಯಾರು ಹೊರಬೇಕು ಎಂದು ಇಪ್ಪತ್ತು ವರ್ಷದವನು ಆಲೋಚಿಸಲು ಕಲಿಯುವನು. ಮುಂದೆ ಅವನು ತನ್ನ ಊರಿನ ಪಂಚಾಯಿತಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಕುಳಿತಾಗ ಈ ಅಭ್ಯಾಸವು ಉಪಯೋಗಕ್ಕೆ ಬಾರದಿರದು.

ಸಣ್ಣತನದ ಅಪಾಯ

ಮೇಲೆ ಹೇಳಿದ ಗುಣಗಳಿಗೆಲ್ಲ ಕಾಲೇಜು ಸಣ್ಣದಾಗಿರುವುದೇ ಮೂಲ. ಅದರ ದೊಡ್ಡ ಅಪಾಯವೂ ಅದೇ. 1983ರ ಜುಲೈಯಲ್ಲಿ ಮುಖ್ಯ ಕಟ್ಟಡವೂ ಪುಸ್ತಕಭಂಡಾರವೂ ಬೆಂಕಿಗೆ ತುತ್ತಾದಾಗ ಕಾಲೇಜು ಉಳಿಯುವುದೇ ಸಂಶಯವಾಗಿದ್ದಿತು. ಎಲ್ಲರೂ ಸೇರಿ ಮತ್ತೆ ಕಟ್ಟಿಕೊಂಡರು. ಇದೇ ಬಗೆಯ ಇತರ ಕಾಲೇಜುಗಳಿಗೆ ಆ ಭಾಗ್ಯವಿರಲಿಲ್ಲ. ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ ಕಾಲೇಜಿಗೆ 1834ರಿಂದ ಬಂದ ಚರಿತ್ರೆಯಿತ್ತು. ಅಲ್ಲಿಯೂ ವಿದ್ಯಾರ್ಥಿಗಳು ದುಡಿಯುವ ಬೇಸಾಯದ ಕ್ಷೇತ್ರವಿತ್ತು. ಅದು 2019ರಲ್ಲಿ ಮುಚ್ಚಿಹೋಯಿತು. ವಿಸ್ಕಾನ್ಸಿನ್ ರಾಜ್ಯದಲ್ಲಿ ಸುಪೀರಿಯರ್ ಸರೋವರದ ದಡದಲ್ಲಿದ್ದ ನಾರ್ತ್‌ಲ್ಯಾಂಡ್ ಕಾಲೇಜು 2024ರಲ್ಲಿ 1 ಕೋಟಿ 20 ಲಕ್ಷ ಡಾಲರುಗಳನ್ನು ಕೆಲವೇ ವಾರಗಳೊಳಗೆ ಕೂಡಿಸಬೇಕಾದ ಸಂಕಟಕ್ಕೆ ಬಂದಿತು. ಅಷ್ಟು ಹಣ ಕೂಡಲಿಲ್ಲ. ವಿಷಯಗಳನ್ನು ಕಡಮೆ ಮಾಡಿ ಮತ್ತೊಂದು ವರ್ಷ ಜೀವ ಹಿಡಿದು, 2025ರಲ್ಲಿ ಬಾಗಿಲು ಹಾಕಿತು. ಬರುವ ವಿದ್ಯಾರ್ಥಿಗಳು ಕಡಮೆಯಾದಾಗ, ಹಿಂದೆ ಕೂಡಿಟ್ಟ ನಿಧಿಯಿಲ್ಲದ ಸಣ್ಣ ಸಂಸ್ಥೆಯು ಒಂದೆರಡು ದುರ್ಭಿಕ್ಷಗಳನ್ನು ತಾಳಲಾರದ ಸಣ್ಣ ಹಿಡುವಳಿಯಂತೆ ಆಗುವುದು. ಸದುದ್ದೇಶವೊಂದೇ ಅದನ್ನು ಉಳಿಸಲಾರದು.

ಅಟ್ಲಾಂಟಿಕ್ ಕಾಲೇಜಿಗೆ ದಾನಿಗಳ ಬೆಂಬಲವೂ, ಹೊರದೇಶಗಳ ವಿದ್ಯಾರ್ಥಿಗಳನ್ನು ಕರೆತರುವ ಡೇವಿಸ್ ವಿದ್ಯಾರ್ಥಿವೇತನವೂ ಆಸರೆಯಾಗಿವೆ. 2000ದಲ್ಲಿ ಆರಂಭವಾದ ಈ ವಿದ್ಯಾರ್ಥಿವೇತನವು ಯುನೈಟೆಡ್ ವರ್ಲ್ಡ್ ಕಾಲೇಜುಗಳಲ್ಲಿ ಓದಿದವರಿಗೆ ಸಲ್ಲುವುದು. ಪುಣೆಯ ಸಮೀಪದಲ್ಲಿ ಅಂತಹ ಸಂಸ್ಥೆಯೊಂದಿರುವುದರಿಂದ ನಮ್ಮ ದೇಶದ ಮಕ್ಕಳಿಗೂ ಈ ದಾರಿ ತೆರೆದಿದೆ.

ನಾವು ತಿಳಿಯಬೇಕಾದುದು

ಆ ದೇಶದ ಐಶ್ವರ್ಯವೂ ಹವೆಯೂ ಬೇರೆ. ಆ ಕಾಲೇಜಿನಂತೆಯೇ ಇಲ್ಲಿ ಮಾಡಬೇಕೆಂಬುದು ಈ ಲೇಖಕನ ಅಭಿಪ್ರಾಯವಲ್ಲ. ನಮ್ಮ ವ್ಯವಸಾಯದ ಕಾಲೇಜುಗಳಲ್ಲಿಯೂ ಕಡೆಯ ವರ್ಷದ ವಿದ್ಯಾರ್ಥಿಗಳು ಗ್ರಾಮಗಳಲ್ಲಿ ಕೆಲಕಾಲ ನೆಲೆಸಿ ರೈತರೊಡನೆ ಕೆಲಸ ಮಾಡುವ ಏರ್ಪಾಡಿದೆ. ಆದರೆ ಗ್ರಾಮಕ್ಕೆ ಹೋಗುವುದಕ್ಕೆ ಮುಂಚಿನ ವರ್ಷಗಳಲ್ಲಿ ಅದೇ ವಿದ್ಯಾರ್ಥಿಯು ತಾನು ಉಂಡ ಅನ್ನದ ಲೆಕ್ಕವನ್ನೂ, ತನ್ನ ನಿಲಯದ ಎಂಜಲಿನ ಗತಿಯನ್ನೂ ತಿಳಿಯದೆ ಇರಬಹುದು. ಇದನ್ನು ತಿದ್ದಲು ದೊಡ್ಡ ದಾನಿಯು ಬೇಕಾಗಿಲ್ಲ. ಪ್ರತಿಯೊಂದು ವಿದ್ಯಾರ್ಥಿನಿಲಯದ ಹಿತ್ತಿಲಿನಲ್ಲಿ ಒಂದು ಕಾಂಪೋಸ್ಟು ಗುಂಡಿ, ಅದರ ಗೊಬ್ಬರದಿಂದ ಬೆಳೆದ ನಾಲ್ಕು ಮಡಿ ಸೊಪ್ಪು, ನೀರು ದೀಪಗಳ ಖರ್ಚನ್ನು ವಿದ್ಯಾರ್ಥಿಗಳೇ ಬರೆದಿಡುವ ಒಂದು ಪುಸ್ತಕ, ತಿಂಗಳಿಗೊಂದು ಸಭೆ: ಇಷ್ಟನ್ನು ಯಾವ ನಿಲಯವಾದರೂ ನಾಳೆಯೇ ಪ್ರಾರಂಭಿಸಬಹುದು.

ಮಗನನ್ನಾಗಲಿ ಮಗಳನ್ನಾಗಲಿ ಕಾಲೇಜಿಗೆ ಕಳುಹಿಸುವ ರೈತ ಬಾಂಧವರು ಮುಂದೆ ಸೌಕರ್ಯಗಳನ್ನು ವಿಚಾರಿಸುವಾಗ ಕಟ್ಟಡಗಳ ಸಂಖ್ಯೆಯೊಡನೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಲಿ: ಇಲ್ಲಿ ನಮ್ಮ ಮಕ್ಕಳ ಪಾಲಿಗೆ ಯಾವ ಹೊಣೆ ಬರುವುದು? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬಲ್ಲ ಕಾಲೇಜು ಸಣ್ಣದಾದರೂ ಸಣ್ಣದಲ್ಲ.