ಮೊಲದ ಭಯ ಬಿಡಿಸುವ ಬಗೆ

ನಮ್ಮ ಕಾಸರಗೋಡಿನ ಕಡೆ ತೋಟದ ಮನೆಗಳಲ್ಲಿ ನಾಯಿಯಿಲ್ಲದ ಅಂಗಳ ಅಪರೂಪ. ಮಕ್ಕಳ ಆಸೆಗಾಗಿ ಬಿಳಿಮೊಲವನ್ನು ತಂದು ಸಾಕುವವರೂ ಇದ್ದಾರೆ. ನಾಯಿ ಬೊಗಳಿದೊಡನೆ ಮೊಲ ಗೂಡಿನ ಮೂಲೆ ಸೇರಿ ನಡುಗುತ್ತದೆ. ‘ದಿನಾ ನೋಡಿದರೆ ತಾನೇ ಅಭ್ಯಾಸವಾದೀತು’ ಎಂದು ಹಿರಿಯರು ಸುಮ್ಮನಿರುತ್ತಾರೆ. ಮಕ್ಕಳು ಮೊಲವನ್ನೆತ್ತಿ ನಾಯಿಯ ಮೂತಿಗೇ ಹಿಡಿಯುತ್ತಾರೆ. ಇವೆರಡೂ ಸರಿಯಲ್ಲ. ಬಲಾತ್ಕಾರದಿಂದ ಭಯ ಬೆಳೆಯುತ್ತದೆಯೇ ಹೊರತು ಅಳಿಯುವುದಿಲ್ಲ. ಅದನ್ನು ಅಳಿಸುವ ಸಾಧನಗಳು ಮೂರು: ದೂರ, ತಿನಿಸು ಮತ್ತು ತಾಳ್ಮೆ.

ಮೊದಲು ಮೊಲದ ಸ್ವಭಾವವನ್ನು ತಿಳಿಯಬೇಕು. ನಾವು ಸಾಕುವ ಮೊಲದ ಮೂಲ ಯುರೋಪಿನ ನೈಋತ್ಯ ಭಾಗದ ಬಿಲವಾಸಿ ಮೊಲ. ನಮ್ಮ ಗುಡ್ಡದ ಕಾಡುಮೊಲ ಬೇರೆ ಜಾತಿಯದು. ಅದನ್ನು ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮೊಲದ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ. ಮೂಗಿನ ನೇರ ಮುಂದಿರುವುದು ಮಾತ್ರ ಕಾಣದು. ಇದು ಬೇಟೆಗೆ ಗುರಿಯಾಗುವ ಪ್ರಾಣಿಯ ರಚನೆ. ಹೆದರಿದ ಮೊಲ ಕಿವಿಗಳನ್ನು ಬೆನ್ನಿಗೆ ಒತ್ತಿ ಕಲ್ಲಿನಂತೆ ಕುಳಿತುಬಿಡುತ್ತದೆ, ಇಲ್ಲವೆ ಹಿಂಗಾಲಿನಿಂದ ನೆಲವನ್ನು ಬಡಿಯುತ್ತದೆ. ಅತಿಯಾದ ಭಯ ಅದರ ಪ್ರಾಣಕ್ಕೇ ಎರವಾಗಬಹುದು. ಹೆದರಿ ಮೇವು ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತದೆ. ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಹಿಡಿದಾಗ ಗಾಬರಿಯಿಂದ ಜಾಡಿಸಿ ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವುದೂ ಉಂಟು.

ಭಯ ಬಿಡಿಸುವ ಕ್ರಮವನ್ನು ವಿವರಿಸಲು ಒಂದು ಪ್ರಸಿದ್ಧ ಪ್ರಯೋಗವಿದೆ. ವಿಚಿತ್ರವೆಂದರೆ ಅಲ್ಲಿ ಹೆದರಿದ್ದು ಮೊಲವಲ್ಲ, ಮೊಲವನ್ನು ಕಂಡ ಮಗು! ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ೧೯೨೪ರಲ್ಲಿ ಇದರ ವರದಿಯನ್ನು ಪ್ರಕಟಿಸಿದರು. ಪೀಟರ್ ಎಂಬ ಹೆಸರಿನಿಂದ ಅವರು ಕರೆದ ಆ ಮಗುವಿಗೆ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಹೆದರದ ಮಕ್ಕಳು ಮೊಲದೊಡನೆ ಆಡುವುದನ್ನು ಮೊದಲು ಅವನಿಗೆ ತೋರಿಸಿದರು. ಭಯ ಇಳಿಯುತ್ತ ಬಂದಿತು. ಅಷ್ಟರಲ್ಲಿ ಒಂದು ದಿನ ದೊಡ್ಡ ನಾಯಿಯೊಂದು ಅವನ ಮೇಲೆ ಹಾರಿ ಬೆದರಿಸಿತು. ಗಳಿಸಿದ್ದೆಲ್ಲ ಹೋಗಿ ಮೊಲದ ಭಯವೂ ಮರಳಿತು! ಮುಂದೆ ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿ ಇರಿಸಿ, ಅವನ ತಿನ್ನುವಿಕೆಗೆ ಅಡ್ಡಿಯಾಗದಂತೆ ಬರಬರುತ್ತಾ ಸಮೀಪಕ್ಕೆ ತಂದರು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಅವನು ಅಂಜಲಿಲ್ಲ.

ಇದೇ ಕ್ರಮ ಮೊಲಕ್ಕೂ ಸಲ್ಲುತ್ತದೆ. ಹೊಸದಾಗಿ ತಂದ ಮೊಲ ಒಂದೆರಡು ವಾರ ನಾಯಿಯ ಕಣ್ಣಿಗೆ ಬೀಳದ ಕಡೆ ನೆಲೆಗೊಳ್ಳಲಿ. ಗೂಡಿನೊಳಗೆ ಅಡಗಲು ಎರಡು ಬಾಗಿಲಿನ ಪೆಟ್ಟಿಗೆಯಿರಲಿ. ಮೊದಲು ವಾಸನೆಯ ಪರಿಚಯ: ನಾಯಿಯ ಮೈಗೆ ತೀಡಿದ ಬಟ್ಟೆಯನ್ನು ಗೂಡಿನಿಂದ ತುಸು ದೂರ ಇಟ್ಟು, ಮೊಲಕ್ಕೆ ಕೊತ್ತಂಬರಿ ಸೊಪ್ಪನ್ನೋ ಎಳೆಯ ಹುಲ್ಲನ್ನೋ ಕೊಡಬೇಕು. ಅದಕ್ಕೆ ಹೊಂದಿಕೊಂಡ ಬಳಿಕ ದರ್ಶನ. ಮೊಲ ಗೂಡಿನಲ್ಲೇ ಇರಲಿ. ಸರಪಳಿ ಹಾಕಿದ ನಾಯಿಯನ್ನು ಏಳೆಂಟು ಮಾರು ದೂರದಲ್ಲಿ ಮಲಗಿಸಿರಿ. ಐದು ನಿಮಿಷ ಸಾಕು. ಮೊಲ ಸೊಪ್ಪು ತಿನ್ನುತ್ತಲೇ ಇದ್ದರೆ ಮರುದಿನ ಒಂದು ಮೊಳ ಹತ್ತಿರ. ತಿನ್ನುವುದನ್ನು ನಿಲ್ಲಿಸಿದರೆ ಹಿಂದಿನ ದೂರಕ್ಕೇ ಮರಳಬೇಕು. ಇಲ್ಲಿ ಅಳತೆಗೋಲು ನಮ್ಮ ಅವಸರವಲ್ಲ, ಮೊಲದ ಹಸಿವು.

ನಾಯಿಗೂ ಪಾಠ ಬೇಕು. ಓಡಾಡಿಸಿ, ಹೊಟ್ಟೆ ತುಂಬಿಸಿದ ಮೇಲೆಯೇ ಅದನ್ನು ಕರೆತರಬೇಕು. ನಮ್ಮ ಮನೆಗಳಲ್ಲಿ ಭಾಷೆಗಳು ಹಲವು. ತಂದೆ ತುಳುವಿನಲ್ಲಿ ‘ಕುಲ್ಲು’ ಎಂದು, ಮಗಳು ಕನ್ನಡದಲ್ಲಿ ‘ಕೂತುಕೋ’ ಎಂದು ಹೇಳಿದರೆ ನಾಯಿಗೆ ಗೊಂದಲವಾಗುತ್ತದೆ. ಎಲ್ಲರೂ ಒಂದೇ ಮಾತನ್ನು ಬಳಸಿರಿ. ನಾಯಿ ಮೊಲದಿಂದ ದೃಷ್ಟಿ ತಿರುಗಿಸಿ ನಿಮ್ಮತ್ತ ನೋಡಿದಾಗ ಒಂದು ಚೂರು ತಿಂಡಿ ಕೊಡಿರಿ. ಮೊಲವನ್ನೇ ದಿಟ್ಟಿಸಿ ಮೈ ಬಿಗಿಹಿಡಿದರೆ, ಸರಪಳಿ ಜಗ್ಗಿದರೆ ಅಂದಿನ ಪಾಠ ಮುಗಿಯಿತೆಂದು ತಿಳಿಯಿರಿ. ಬೈದು ಹೊಡೆದರೆ ಮೊಲ ಇನ್ನಷ್ಟು ಬೆದರೀತು.

ಕೆಲವು ವಾರಗಳೋ ತಿಂಗಳುಗಳೋ ಕಳೆದು, ನಾಯಿ ಎದುರಿಗಿರುವಾಗಲೇ ಮೊಲ ಕಾಲು ಚಾಚಿ ಮಲಗಿದರೆ, ಮೈ ನೆಕ್ಕಿಕೊಂಡರೆ, ಭಯ ಇಳಿಯಿತೆಂದು ತಿಳಿಯಬಹುದು. ಆದರೂ ಹಿರಿಯರ ಕಣ್ಗಾವಲಿಲ್ಲದೆ ಅವೆರಡನ್ನೂ ಎಂದಿಗೂ ಒಂದೆಡೆ ಬಿಡಬಾರದು. ನಾಯಿಯ ಬೇಟೆಯ ಬುದ್ಧಿ ಅದರ ಹುಟ್ಟುಗುಣ. ಓಡುವ ಮೊಲವನ್ನು ಕಂಡಾಗ ಸಾಧುನಾಯಿಯೂ ಬೆನ್ನಟ್ಟೀತು. ಕೆಲವು ನಾಯಿಗಳಿಗೆ ಈ ಪಾಠ ಹತ್ತುವುದೇ ಇಲ್ಲ. ಅಂಥಲ್ಲಿ ನಡುವೆ ಗಟ್ಟಿಯಾದ ಬಾಗಿಲಿರುವುದೇ ಮೊಲಕ್ಕೆ ತೋರುವ ದಯೆ.

ಪಾಲಕರಿಗೆ ಒಂದು ಮಾತು. ಈ ಕ್ರಮ ಮೊದಲು ಫಲಿಸಿದ್ದು ಒಂದು ಮಗುವಿನಲ್ಲಿ. ಕತ್ತಲೆಗೋ ನೀರಿಗೋ ಅಂಜುವ ಮಗುವನ್ನು ನಗೆಯಾಡಿ ಮುಂದಕ್ಕೆ ತಳ್ಳುವ ಮೊದಲು, ಅದು ನೆಮ್ಮದಿಯಾಗಿ ನಿಲ್ಲಬಲ್ಲ ದೂರವೆಷ್ಟೆಂದು ನೋಡಿರಿ. ಅಲ್ಲಿಂದಲೇ ಮೊದಲ ಹೆಜ್ಜೆ.