ಮಧುಗಿರಿ ಎಂಬ ಲೋಕಸಭಾ ಕ್ಷೇತ್ರ

ಮಧುಗಿರಿಯ ಹೆಸರಿನಲ್ಲಿ ಒಮ್ಮೆ ಒಂದು ಲೋಕಸಭಾ ಸ್ಥಾನವಿತ್ತೆಂದರೆ ನಮ್ಮ ಕೊಳಾಲ ಹೋಬಳಿಯ ಎಳೆಯರು ನಂಬುವುದಿಲ್ಲ. ಅಲ್ಲಿನ ಏಕಶಿಲೆಯ ಬೆಟ್ಟವನ್ನು ಎಲ್ಲರೂ ಬಲ್ಲರು. ಕ್ಷೇತ್ರ ಮಾತ್ರ ನೆನಪಿನಿಂದ ಜಾರಿದೆ.

1961ರ ಜನಗಣತಿಯ ಮೇಲೆ ಕ್ಷೇತ್ರಗಳನ್ನು ವಿಂಗಡಿಸಿದಾಗ ಮೈಸೂರು ರಾಜ್ಯದ ಪಾಲಿಗೆ ಬಂದ 27 ಸ್ಥಾನಗಳಲ್ಲಿ ಮಧುಗಿರಿಯೂ ಒಂದಾಗಿದ್ದಿತು. 1967ರಲ್ಲಿ ಮಾಲಿ ಮರಿಯಪ್ಪನವರು ಗೆದ್ದರು. ಅದೇ ಲೋಕಸಭೆಯ ಅವಧಿಯಲ್ಲಿ ಉಪಚುನಾವಣೆಯ ಮೂಲಕ ಸುಧಾ ವಿ. ರೆಡ್ಡಿಯವರು ಬಂದರು. ಆ ಕಾಲದಲ್ಲಿ ಈ ಬಯಲುಸೀಮೆಯಿಂದ ಒಬ್ಬ ಮಹಿಳೆ ದೆಹಲಿಗೆ ಹೋದದ್ದು ಸಣ್ಣ ಸಂಗತಿಯಲ್ಲ. 1971ರಲ್ಲಿ ಕೆ. ಮಲ್ಲಣ್ಣನವರು ಆರಿಸಿಬಂದರು. ಅಲ್ಲಿಗೆ ಪಟ್ಟಿ ಮುಗಿಯಿತು.

1971ರ ಗಣತಿಯನ್ನನುಸರಿಸಿ 1976ರಲ್ಲಿ ಹೊಸ ಆದೇಶ ಹೊರಟಿತು. ಅಷ್ಟರಲ್ಲಿ ಕರ್ನಾಟಕವೆಂದು ಹೆಸರಾಗಿದ್ದ ರಾಜ್ಯಕ್ಕೆ ಒಂದು ಸ್ಥಾನ ಹೆಚ್ಚಿ 28 ಆದವು. ಮಧುಗಿರಿ ಮಾತ್ರ ಅಳಿಯಿತು. 1977ರಲ್ಲಿ ಮಲ್ಲಣ್ಣನವರು ಚಿತ್ರದುರ್ಗದಿಂದ ಗೆದ್ದರು.

ಪ್ರತಿನಿಧಿಗೆ ಬೇರೆ ಕ್ಷೇತ್ರ ಸಿಕ್ಕೀತು, ಊರಿಗೆ? ಐರ್ಲೆಂಡಿನ ಪಾರ್ಲಿಮೆಂಟನ್ನು 1801ರಲ್ಲಿ ಲಂಡನ್ನಿನದರೊಡನೆ ಬೆರೆಸಿದಾಗ ಅನೇಕ ಪಟ್ಟಣಗಳು ಸ್ಥಾನ ಕಳೆದುಕೊಂಡವು. ಆ ಸ್ಥಾನಗಳನ್ನು ಸ್ವಂತ ಆಸ್ತಿಯಂತೆ ಆಳುತ್ತಿದ್ದ ಒಡೆಯರಿಗೆ ಒಂದೊಂದು ಪಟ್ಟಣಕ್ಕೆ 15,000 ಪೌಂಡಿನಂತೆ ಪರಿಹಾರ ಸಂದಿತು. ಮತದಾರನಿಗೆ ಅಲ್ಲಿಯೂ ಕಾಸಿಲ್ಲ!

2008ರ ವಿಂಗಡಣೆಯ ಪ್ರಕಾರ ಮಧುಗಿರಿ, ಕೊರಟಗೆರೆಗಳು ತುಮಕೂರು ಲೋಕಸಭಾ ಕ್ಷೇತ್ರಕ್ಕೂ, ಶಿರಾ, ಪಾವಗಡಗಳು ಚಿತ್ರದುರ್ಗಕ್ಕೂ ಸೇರಿವೆ. ಅದೇ ವಿಂಗಡಣೆಯಲ್ಲಿ ಕಳ್ಳಂಬೆಳ್ಳ, ಬೆಳ್ಳಾವಿ ಎಂಬ ವಿಧಾನಸಭಾ ಕ್ಷೇತ್ರಗಳೂ ಅಳಿದವು. ಮಧುಗಿರಿಯ ಮೀಸಲಾತಿ ತೆರವಾಗಿ ಕೊರಟಗೆರೆ ಮೀಸಲಾಯಿತು. ಮಧುಗಿರಿಯ ಶಾಸಕರಾಗಿದ್ದ ಜಿ. ಪರಮೇಶ್ವರ ಅವರು ನಮ್ಮ ಕಡೆಗೆ ಬಂದರು.

ತಲೆಯೆಣಿಕೆ ಸಮವಾಗಬೇಕೆಂಬ ನ್ಯಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಮತದ ತೂಕ ಇನ್ನೊಂದಕ್ಕಿಂತ ಹೆಚ್ಚಾಗಬಾರದು. ಆದರೆ ಬರವು ಈ ಗೆರೆಗಳನ್ನು ನೋಡಿ ಬರುವುದಿಲ್ಲ. ನಾಲ್ಕೂ ತಾಲ್ಲೂಕುಗಳದು ಮಳೆ ನಂಬಿದ ಬೇಸಾಯ, ಪಾತಾಳಕ್ಕಿಳಿದ ಕೊಳವೆಬಾವಿ. ಪಾವಗಡದಲ್ಲಂತೂ ಕುಡಿಯುವ ನೀರಿನಲ್ಲಿಯೇ ಫ್ಲೋರೈಡು. ನೀರಿನ ಮಾತನ್ನು ದೆಹಲಿಗೆ ಮುಟ್ಟಿಸಲು ಇಬ್ಬರು ಸದಸ್ಯರ ಬಾಗಿಲು ತಟ್ಟಬೇಕು. ಇಬ್ಬರಿಗೂ ನಾವು ಕ್ಷೇತ್ರದ ಅಂಚಿನವರು.

ಶಾಲೆಯ ಇಲಾಖೆ ಮಾತ್ರ ಈ ನಾಲ್ಕನ್ನೂ ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದಿದೆ. ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಗುವಾಗ ಜಿಲ್ಲೆಗಳ ಸಾಲಿನಲ್ಲಿ ಆ ಹೆಸರು ಬೇರೆಯಾಗಿ ಕಾಣಿಸುತ್ತದೆ.