ಚಿಂಚಿಲ್ಲಾ ಆಹಾರ: ಪೊಟ್ಟಣದ ಹಿಂಬದಿ ಓದುವುದು ಹೇಗೆ?

ನಿಮ್ಮ ಮನೆಯಲ್ಲಿ ಚಿಂಚಿಲ್ಲಾ ಇದ್ದರೆ ಅದರ ಆಹಾರದ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಮುಂಬದಿಯಲ್ಲಿ ಕಾಣುವ ಒಣದ್ರಾಕ್ಷಿ, ಸೂರ್ಯಕಾಂತಿ ಬೀಜ, ಬಣ್ಣದ ತುಣುಕುಗಳು ಕೊಳ್ಳುವವರ ಕಣ್ಣಿಗಾಗಿ ಹಾಕಿದವು. ಪ್ರಾಣಿಗೆ ಬೇಕಾದದ್ದು ಮುಖ್ಯವಾಗಿ ಒಣಹುಲ್ಲು.

ಚಿಂಚಿಲ್ಲಾದ ಮೂಲ ನೆಲೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಅಲ್ಲಿನ ಒಣ, ತಂಪು ಇಳಿಜಾರಿನಲ್ಲಿ ಒರಟು ಹುಲ್ಲು, ಕುರುಚಲು ಗಿಡ ತಿಂದು ಬದುಕುವ ಜೀವಿ ಇದು. ಇದರ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅಗಿದಾಗಲೇ ಅವು ಸವೆಯುವುದು. ತಿಂದ ನಾರನ್ನು ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲದಂಥ ಭಾಗದಲ್ಲಿ ಸೂಕ್ಷ್ಮಜೀವಿಗಳು ಹುದುಗಿಸಿ ಪೋಷಕಾಂಶವಾಗಿ ಬದಲಿಸುತ್ತವೆ. ನಾರು ಕಡಿಮೆಯಾದರೆ ಹಲ್ಲೂ ಕೆಡುತ್ತದೆ, ಕರುಳೂ ನಿಧಾನವಾಗುತ್ತದೆ.

ಪೆಲೆಟ್ ಪೊಟ್ಟಣದಲ್ಲಿ ಮೊದಲು ನೋಡಬೇಕಾದ್ದು 'ಕ್ರೂಡ್ ಫೈಬರ್', ಅಂದರೆ ನಾರಿನಂಶ. ಅದು ಶೇ. 18ಕ್ಕಿಂತ ಹೆಚ್ಚಿರಲಿ. ಪ್ರೋಟೀನ್ ಶೇ. 14ರಿಂದ 18, ಕೊಬ್ಬು ಶೇ. 2ರಿಂದ 4 ಇದ್ದರೆ ಸಾಕು. ಇಲ್ಲೊಂದು ಸಣ್ಣ ಅಕ್ಷರದ ವಿಷಯವಿದೆ: ನಾರಿನ ಮುಂದೆ 'ಮ್ಯಾಕ್ಸ್' ಎಂದಷ್ಟೇ ಬರೆದಿದ್ದರೆ ಅದು ಗರಿಷ್ಠ ಮಿತಿ, ಒಳಗೆ ಅದಕ್ಕಿಂತ ಕಡಿಮೆಯೂ ಇರಬಹುದು. 'ಮಿನ್' ಎಂಬ ಅಂಕಿಯನ್ನು ಹುಡುಕಿ. ವಯಸ್ಕ ಪ್ರಾಣಿಗೆ ದಿನಕ್ಕೆ ಒಂದೆರಡು ಟೇಬಲ್ ಚಮಚ ಪೆಲೆಟ್ ಸಾಕು. ಟಿಮೋಥಿಯಂಥ ಒಣಹುಲ್ಲು ಮಾತ್ರ ಹಗಲೂ ರಾತ್ರಿ ಎದುರಿಗಿರಬೇಕು. ಕುದುರೆ ಮಸಾಲೆ ಸೊಪ್ಪಿನ (ಆಲ್ಫಾಲ್ಫಾ) ಒಣಹುಲ್ಲಿನಲ್ಲಿ ಪ್ರೋಟೀನ್ ಹೆಚ್ಚು, ಕ್ಯಾಲ್ಸಿಯಂ ಟಿಮೋಥಿಯ ಎರಡು-ಮೂರು ಪಟ್ಟು. ಮರಿಗಳಿಗೆ, ಗರ್ಭಿಣಿ ಹಾಗೂ ಹಾಲೂಡಿಸುವ ಪ್ರಾಣಿಗಳಿಗೆ ಅದು ಸರಿ. ಉಳಿದವಕ್ಕೆ ದಿನನಿತ್ಯದ ಮೇವಲ್ಲ.

ಮಟ್ಟಾಂಚೇರಿಯ ಬಜಾರ್ ರೋಡಿನಂಥ ವ್ಯಾಪಾರದ ಬೀದಿ ಹತ್ತಿರವಿದ್ದರೆ ಮನೆಯ ಡಬ್ಬಿಯಲ್ಲಿ ಗೋಡಂಬಿ, ಬಾದಾಮಿ, ಒಣದ್ರಾಕ್ಷಿ ಇದ್ದೇ ಇರುತ್ತವೆ. ನಮಗೆ ಪೌಷ್ಟಿಕ ಎನಿಸುವ ಇವು ಚಿಂಚಿಲ್ಲಾಕ್ಕೆ ಹಾಗಲ್ಲ. ಒಣದ್ರಾಕ್ಷಿಯ ತೂಕದಲ್ಲಿ ಸುಮಾರು ಶೇ. 60 ಸಕ್ಕರೆ. ಬಾದಾಮಿ, ಸೂರ್ಯಕಾಂತಿ ಬೀಜಗಳಲ್ಲಿ ಹತ್ತಿರಹತ್ತಿರ ಅರ್ಧ ಕೊಬ್ಬು. 100 ಗ್ರಾಂ ಸೂರ್ಯಕಾಂತಿ ಬೀಜದಲ್ಲಿ ರಂಜಕ 600 ಮಿ.ಗ್ರಾಂ. ದಾಟಿದರೆ ಕ್ಯಾಲ್ಸಿಯಂ 80 ಮಿ.ಗ್ರಾಂ. ಆಸುಪಾಸು ಮಾತ್ರ. ಮಿಶ್ರ ಆಹಾರದ ಇನ್ನೊಂದು ತೊಂದರೆ, ಪ್ರಾಣಿ ಸಿಹಿ ತುಣುಕುಗಳನ್ನೇ ಆರಿಸಿ ತಿಂದು ನಾರನ್ನು ಬಟ್ಟಲಲ್ಲೇ ಬಿಡುತ್ತದೆ. ಪಟ್ಟಿಯಲ್ಲಿ ಬರೆದ ಪೋಷಣೆಗೂ ಹೊಟ್ಟೆಗೆ ಹೋದದ್ದಕ್ಕೂ ಸಂಬಂಧವೇ ಇರುವುದಿಲ್ಲ.

ಕೊಚ್ಚಿಯಿಂದ ತಿರುವನಂತಪುರದವರೆಗಿನ ಕರಾವಳಿಯ ಹವೆ ಆಹಾರವನ್ನೂ ಕೆಡಿಸುತ್ತದೆ. ಜೂನ್‌ನಿಂದ ಮಳೆ ಹಿಡಿದರೆ ಒಣಹುಲ್ಲು ತೇವ ಎಳೆದುಕೊಳ್ಳುತ್ತದೆ. ಜೋಳ, ಕಡಲೆಕಾಯಿ ಇರುವ ಮಿಶ್ರಣಕ್ಕೆ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಅದು ಯಕೃತ್ತಿಗೆ ಹಾನಿಕರ, ಬಿಸಿಲಿಗಿಟ್ಟರೂ ಹೋಗುವುದಿಲ್ಲ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಕೊಳ್ಳಿ. ಪೆಲೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ, ಹುಲ್ಲನ್ನು ನೆಲಕ್ಕೆ ತಾಗದಂತೆ ಗಾಳಿಯಾಡುವ ಕಡೆ ಇಡಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ, ಬೆಲೆ ಎಷ್ಟೇ ಕೊಟ್ಟಿರಲಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಹುಲ್ಲು ಕೊಡವುವ ಕೆಲಸ ಬೇರೆಯವರು ಮಾಡಲಿ. ದೂಳು, ಬೂಷ್ಟು ಎರಡೂ ಉಬ್ಬಸ ಕೆರಳಿಸುತ್ತವೆ.

ಪ್ರಾಣಿ ಮೇವು ಬಿಟ್ಟರೆ, ಹಿಕ್ಕೆ ಸಣ್ಣದಾದರೆ ಅಥವಾ ನಿಂತರೆ, ಜೊಲ್ಲು ಸುರಿದು ಗಲ್ಲ ಒದ್ದೆಯಾದರೆ ನಾಳೆಗೆ ಮುಂದೂಡಬೇಡಿ. ಅರ್ಧ ದಿನ ತಿನ್ನದಿದ್ದರೂ ಕರುಳು ಸ್ತಬ್ಧವಾಗಬಹುದು. ವಾಂತಿ ಮಾಡಿಕೊಳ್ಳಲೂ ಅದಕ್ಕೆ ಬರುವುದಿಲ್ಲ.

ಫಾರ್ಮಸಿಸ್ಟ್ ಆಗಿ ಒಂದು ಮಾತು ಒತ್ತಿ ಹೇಳಬೇಕು. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ಕೊಡಲೇಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಬಾಯಿಯ ಮೂಲಕ ಹೋದರೆ ನಾರು ಹುದುಗಿಸುವ ಸೂಕ್ಷ್ಮಜೀವಿಗಳು ಸತ್ತು, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ. ಮಗುವಿಗೆ ಕೆಮ್ಮು, ಗಂಟಲುನೋವಿಗೆ ತಂದ ಸಿರಪ್ಪೇ ಈ ಪ್ರಾಣಿಯ ಜೀವ ತೆಗೆಯಬಹುದು.

ಹತ್ತಿರದ ಪಶುವೈದ್ಯರಿಗೆ ಸಣ್ಣ ಪ್ರಾಣಿಗಳ ಅನುಭವ ಇದೆಯೇ ಎಂದು ಈಗಲೇ, ಪ್ರಾಣಿ ಚೆನ್ನಾಗಿರುವಾಗಲೇ, ವಿಚಾರಿಸಿಟ್ಟುಕೊಳ್ಳಿ. ಇಲ್ಲವಾದರೆ ತ್ರಿಶೂರಿನ ಮಣ್ಣುತ್ತಿಯಲ್ಲಿ ಪಶುವೈದ್ಯ ಕಾಲೇಜಿದೆ. ಹೋಗುವಾಗ ಆಹಾರದ ಪೊಟ್ಟಣವನ್ನೂ ಇತ್ತೀಚಿನ ಹಿಕ್ಕೆಯನ್ನೂ ಜೊತೆಗೆ ಒಯ್ಯಿರಿ.